‘ಮಿಶ್ರ ಪ್ರತಿಕ್ರಿಯೆ’ ಎಂಬ ತೀರ್ಪು

ಸಣ್ಣ ಬಜೆಟ್ಟಿನ ಸಿನಿಮಾಗೆ ‘ಚೆನ್ನಾಗಿಲ್ಲ’ ಎಂಬ ಮಾತಿಗಿಂತ ‘ಮಿಶ್ರ ಪ್ರತಿಕ್ರಿಯೆ’ ಎಂಬ ಮಾತೇ ಹೆಚ್ಚು ಅಪಾಯಕಾರಿ. ದೊಡ್ಡ ತಾರೆಯ ಚಿತ್ರವನ್ನು ಅಭಿಮಾನಿಗಳು ಮೊದಲ ವಾರ ದಾಟಿಸುತ್ತಾರೆ. ಸಣ್ಣ ಚಿತ್ರಕ್ಕೆ ಬಾಯಿಮಾತೇ ಗತಿ.

2014ರ ಮಾರ್ಚ್‌ನಲ್ಲಿ ತೆರೆಕಂಡ, ರಕ್ಷಿತ್ ಶೆಟ್ಟಿ ಮೊದಲ ಬಾರಿ ನಿರ್ದೇಶಿಸಿದ ‘ಉಳಿದವರು ಕಂಡಂತೆ’ಯನ್ನೇ ನೋಡಿ. ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ರೌಡಿಸಂ, ಪ್ರೇಮ, ತಾಯಿ-ಮಗನ ಕಥೆ ಎಲ್ಲವೂ ಅಧ್ಯಾಯಗಳಾಗಿ, ಬೇರೆಬೇರೆಯವರ ಕಣ್ಣಲ್ಲಿ ಬರುತ್ತವೆ. ಮಾಮೂಲಿ ರೌಡಿ ಸಿನಿಮಾ ಬಯಸಿದವರಿಗೆ ಅದು ನಿಧಾನ, ಗೊಂದಲ. ಮೆಚ್ಚಿದವರಿಗೆ ಅದೇ ಹೊಸತನ. ಗಳಿಕೆ ಸೋತರೂ ಹೆಸರು ಉಳಿಯಿತು. 2017ರಲ್ಲಿ ತಮಿಳಿನಲ್ಲಿ ‘ರಿಚ್ಚಿ’ಯಾಯಿತು. ಅದರಲ್ಲಿ ರಘುವಾಗಿದ್ದ ರಿಷಬ್ ಶೆಟ್ಟಿಯ ‘ಕಾಂತಾರ’ 2022ರಲ್ಲಿ ಹಿಂದಿಯಲ್ಲೂ ಓಡಿತು.

ಆದರೆ ಎಲ್ಲ ಸಣ್ಣ ಚಿತ್ರಕ್ಕೂ ಎರಡನೇ ಜನ್ಮವಿಲ್ಲ. ಪೀತಮ್‌ಪುರದಲ್ಲಿರುವ ನನ್ನಂಥವರಿಗೆ ಕನ್ನಡ ಸಿನಿಮಾ ಸಿಕ್ಕರೆ ವಾರಾಂತ್ಯದ ಒಂದೆರಡು ಶೋ, ಅದೂ ಮೆಟ್ರೊ ಹತ್ತಿ ದೂರ ಹೋದರೆ. ಬೆಂಗಳೂರಿನವರ ಅಭಿಪ್ರಾಯ ಕಾದು ಕೂತರೆ ಮುಂದಿನ ವಾರ ಆ ಶೋ ಇರುವುದಿಲ್ಲ. ಆಮೇಲೆ ಒಟಿಟಿಯಲ್ಲಿ ನೋಡಿ ಕೊಂಡಾಡಿದರೆ ನಿರ್ಮಾಪಕರ ಸಾಲ ತೀರದು.

ಹೊಗಳಲೇಬೇಕೆಂದಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ‘ಸರಿಯಿಲ್ಲ’ ಎಂದಷ್ಟೇ ಬರೆದ ಬಗ್ ರಿಪೋರ್ಟನ್ನು ವಾಪಸ್ ಕಳಿಸುತ್ತೇವೆ; ಏನು, ಎಲ್ಲಿ ಎಂದು ಕೇಳುತ್ತೇವೆ. ಸಿನಿಮಾಗೂ ಅಷ್ಟು ಮರ್ಯಾದೆ ಇರಲಿ. ‘ದ್ವಿತೀಯಾರ್ಧ ಎಳೆದಿದೆ, ತನಿಖೆಯ ಭಾಗ ಬಿಗಿಯಾಗಿದೆ’ ಎಂದರೆ ಇನ್ನೊಬ್ಬರು ಟಿಕೆಟ್ ತೆಗೆಯಬೇಕೋ ಬೇಡವೋ ತಾವೇ ನಿರ್ಧರಿಸುತ್ತಾರೆ. ಬರೀ ‘ಮಿಶ್ರ’ ಎಂದರೆ ಮನೆಯಲ್ಲೇ ಉಳಿಯುತ್ತಾರೆ.