ಇದ್ದಿಲಿನ ಮೇಲೆ ಇಷ್ಟೊಂದು ನಂಬಿಕೆಯೇ?

ಮೊನ್ನೆ ಗೆಳೆಯನ ರೂಮಿಗೆ ಹೋಗಿದ್ದೆ. ಮೂಲೆಯಲ್ಲೊಂದು ಬಕೆಟ್ಟು ಗುಳುಗುಳು ಅಂತಿತ್ತು. "ಟರ್ಬೊ ಯೀಸ್ಟ್ ಕಣೋ, ವಾರದೊಳಗೆ 14 ಪರ್ಸೆಂಟ್!" ಅಂದ. ಲೀಟರಿಗೆ 17 ಗ್ರಾಂ ಸಕ್ಕರೆಗೆ ಒಂದು ಪರ್ಸೆಂಟ್ ಅನ್ನೋ ಲೆಕ್ಕದಲ್ಲಿ 240 ಗ್ರಾಂ ಸುರಿದಿದ್ದಾನೆ. ಬ್ರೆಡ್ ಯೀಸ್ಟಾಗಿದ್ದರೆ ಅಷ್ಟರೊಳಗೆ ಸುಸ್ತಾಗಿ ಮಲಗಿರ್ತಿತ್ತು. ಮುಚ್ಚಳ ತೆಗೆದ... ಅಬ್ಬಾ ಆ ನಾತ! (ಮನೆಯಲ್ಲಿ ಹೀಗೆ ಮಾಡೋದು ಕಾನೂನಿಗೆ ವಿರುದ್ಧ ಅಂತಲೂ ಹೇಳಿದೆ, ನಕ್ಕ.)

ನನ್ನ ತಕರಾರು ಅದಲ್ಲ. "ಆಕ್ಟಿವೇಟೆಡ್ ಕಾರ್ಬನ್ನಲ್ಲಿ ಸೋಸಿದ್ರೆ ಎಲ್ಲಾ ಕ್ಲೀನ್. ಮುಂದಿನ ಸಲ ಎಲ್ಲಿಂದಾದ್ರೂ ಅಗ್ಗದ ಸ್ಪಿರಿಟ್ ತಂದು ಸೋಸ್ತೀನಿ" ಅಂದನಲ್ಲ, ಅದು.

ಇದ್ದಿಲು ಹಿಡಿಯೋದು ವಾಸನೆಯನ್ನ, ಬಣ್ಣವನ್ನ. ಮೆಥನಾಲ್ ಅದರೊಳಗಿಂದ ಆರಾಮಾಗಿ ದಾಟಿ ಬರುತ್ತೆ. ಬರೀ ಸಕ್ಕರೆ ಹುದುಗಿದಾಗ ಮೆಥನಾಲ್ ಹುಟ್ಟೋದೇ ಇಲ್ಲ ಅನ್ನುವಷ್ಟು ಕಡಿಮೆ. ಹಣ್ಣಿನ ಪೆಕ್ಟಿನ್ನಿಂದ ಚೂರು ಬರುತ್ತೆ, ಅಷ್ಟೇ. ಹಾಗಾಗಿ ಅವನ ಬಕೆಟ್ಟು ತಲೆನೋವು ತಂದೀತು, ಕಣ್ಣು ತೆಗೆಯಲ್ಲ. ಆದರೆ 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರ ಮೇನಲ್ಲಿ ಕರ್ನಾಟಕ, ತಮಿಳುನಾಡಿನಲ್ಲಿ 150ಕ್ಕೂ ಹೆಚ್ಚು ಜನ ಸತ್ತದ್ದು ಹುದುಗಿಸಿದ್ದರಿಂದಲ್ಲ, ಕೈಗಾರಿಕೆಯ ಮೆಥನಾಲ್ ಬೆರೆತ ಸಾರಾಯಿಯಿಂದ. ಅದನ್ನ ಹತ್ತು ಸಲ ಸೋಸಿದ್ರೂ ವಿಷ ಹಾಗೇ ಇರ್ತಿತ್ತು, ನಾತವಷ್ಟೇ ಹೋಗಿ ಕುಡಿಯೋಕೆ ಇನ್ನೂ ಸಲೀಸಾಗ್ತಿತ್ತು.

ನಮ್ಮ ಜನ ಹುದುಗೋದಕ್ಕೆ ಹೆದರ್ತಾರೆ, ಫಿಲ್ಟರನ್ನ ನಂಬ್ತಾರೆ. ನನ್ನ ಪ್ರಕಾರ ಎರಡೂ ಉಲ್ಟಾ.

ಅರ್ಧ ಗಂಟೆ ವಾದ ಆಯ್ತು. ಕೊನೆಗೆ "ಸ್ಪಿರಿಟ್ ತರಲ್ಲ ಬಿಡೋ ಮಾರಾಯ" ಅಂದ. ಬಕೆಟ್ಟು ಮಾತ್ರ ಇನ್ನೂ ಅಲ್ಲೇ ಇದೆ :)