ಶಾಲೆ ಗುಡಿ ಅಲ್ಲ, ನಮ್ಮನ್ನ ಹೊರಗೆ ನಿಲ್ಲಿಸಿದ ಜಾಗದ ಹೆಸರು ಅದಕ್ಕೆ ಇಡಬೇಡಿ



ಸ್ವಲ್ಪ ಉದ್ದ ಆಗ್ತದ, ಪೂರ್ತಿ ಓದ್ರಿ. ಅರ್ಧ ಓದಿ ಬೈಯೋರು ಹೆಂಗೂ ಬೈತಾರೆ, ನಮ್ಮವರಾದ್ರೂ ಕೊನೆತನಕ ಓದಬೇಕು.

ಇತ್ತೀಚೆಗೆ ನಮ್ಮ ವಾಡಿ ಕಡೆಯ ಒಂದು ಸರ್ಕಾರಿ ಶಾಲೆಗೆ ಹೊಸ ಬಣ್ಣ ಹೊಡೆಸಿದ್ರು. ದಾನಿಗಳ ದುಡ್ಡು. ಬಣ್ಣ ಹೊಡೆಸಿದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬಂತು. ಕರಿಹಲಗೆ ಮೇಲೆ ವೀಣೆ ಹಿಡಿದ ಸರಸ್ವತಿ. ಪಕ್ಕದ ಗೋಡೆಗೆ ಒಂದು ಸಂಸ್ಕೃತ ಶ್ಲೋಕ, ಅದನ್ನು ಓದಿ ಅರ್ಥ ಹೇಳೋರು ಆ ಶಾಲೆಯಲ್ಲಿ ಯಾರೂ ಇಲ್ಲ. ಮೊದಲು ಅದೇ ಗೋಡೆ ಮೇಲೆ ಸಂವಿಧಾನದ ಪೀಠಿಕೆ ಬರೆಸಿದ್ರು. ಅದು ಈಗ ಬಣ್ಣದ ಕೆಳಗೆ ಹೋಗಿದೆ.

ಶಾಲೆಯ ಹೆಸರು ಹಾಕಲ್ಲ. ಒಬ್ಬ ಹೆಡ್‌ಮಾಸ್ತರ ಮೇಲೆ, ಒಬ್ಬ ಪೇಂಟರ್ ಮೇಲೆ ಎಲ್ಲರೂ ಮುಗಿಬೀಳೋದು ನನಗೆ ಬೇಕಿಲ್ಲ. ಫೋಟೋ ಕಳಿಸಿದವನು ನಮ್ಮ ಓಣಿಯ ಹುಡುಗ, ಆ ಶಾಲೆಯ ಎಸ್‌ಡಿಎಂಸಿ ಸದಸ್ಯ. ರಾತ್ರಿ ಫೋನ್ ಮಾಡಿದ. "ಅಣ್ಣಾ, ಮೀಟಿಂಗ್‌ನಾಗ ನಾ ಕೇಳ್ದೆ. ಎಲ್ಲಾರೂ ತಿರುಗಿ ನನಗೇ ಕೇಳಿದ್ರು, ಸರಸ್ವತಿ ವಿದ್ಯಾದೇವಿ ಅದಾಳ, ಅದರಾಗ ಏನು ತಪ್ಪದ, ನಿಮ್ಮವರಿಗಿ ಎಲ್ಲದಕ್ಕೂ ತಕರಾರು ಅಂತ. ನನಗ ಉತ್ತರ ಹೊಳಿಲಿಲ್ಲ. ಏನ್ ಹೇಳ್ಬೇಕಿತ್ತು ಅಣ್ಣಾ?"

ಅವನಿಗೆ ಫೋನ್‌ನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಈ ಪ್ರಶ್ನೆ ನಿಮ್ಮೂರಲ್ಲೂ ಬರ್ತದೆ.

ನಾನು ಓದಿದ್ದೂ ಸರ್ಕಾರಿ ಶಾಲೆಯಲ್ಲೇ. ಪ್ರತಿ ಶುಕ್ರವಾರ ಸರಸ್ವತಿ ಪೂಜೆ. ವಾರಕ್ಕೊಬ್ಬರು ಪಾಳಿ ಪ್ರಕಾರ ಕಾಯಿ ತರಬೇಕು. ನನ್ನ ಪಾಳಿ ಬಂದಾಗ ನಮ್ಮವ್ವ ಫರ್ಸಿ ಕಲ್ಲಿನ ಖಣಿಯ ಕೂಲಿ ದುಡ್ಡಲ್ಲಿ ಕಾಯಿ ತಂದುಕೊಟ್ಟಳು. ಆ ಕಾಯಿ ಒಡೆಯಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಅಲ್ಲಿ ಕಿಟಕಿಯಾಗ ಇಡು" ಅಂದ್ರು, ಅಷ್ಟೇ. ಇನ್ನೊಬ್ಬ ಹುಡುಗನನ್ನ ಅಂಗಡಿಗೆ ಓಡಿಸಿ ಬೇರೆ ಕಾಯಿ ತರಿಸಿದ್ರು. ಸಂಜೆ ನನ್ನ ಕಾಯಿ ನನ್ನ ಪಾಟಿಚೀಲದಲ್ಲೇ ಮನೆಗೆ ವಾಪಸ್ ಬಂತು. ಅವ್ವ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಚಲೋ ಆಯ್ತು ಬಿಡು, ಚಟ್ನಿಗಿ ಆಯ್ತು" ಅಂದಳು.

ಅವತ್ತು ಮಾಸ್ತರು ಯಾವ ಪಾಠ ಮಾಡಿದ್ರೋ ನೆನಪಿಲ್ಲ. ಆ ಕಿಟಕಿ ನೆನಪಿದೆ. ಗಣಿತದ ಪೀರಿಯಡ್‌ನಲ್ಲಿ ನಾನೂ ಎಲ್ಲರ ಜೊತೆ ಕೂತವನೇ. ಅದೇ ಕೋಣೆ, ಅದೇ ಹಲಗೆ, ಅದೇ ಪುಸ್ತಕ. ಪೂಜೆ ಶುರುವಾದ ತಕ್ಷಣ ಅದೇ ಕೋಣೆಯೊಳಗೆ ಒಂದು ಗರ್ಭಗುಡಿ ಹುಟ್ಟಿತು, ನಾನು ಅದರ ಹೊರಗಾದೆ.

ಇದೇ ನನ್ನ ಉತ್ತರ. ತಪ್ಪು ಸರಸ್ವತಿದಲ್ಲ. ಕ್ಲಾಸ್‌ರೂಮಿಗೆ ದೇವರ ಫೋಟೋ ಒಂದೇ ಬರಲ್ಲ. ಫೋಟೋ ಹಿಂದೆ ಪೂಜೆ ಬರ್ತದೆ, ಪೂಜೆ ಹಿಂದೆ ಮಡಿ ಬರ್ತದೆ, ಮಡಿ ಹಿಂದೆ ಜಾತಿ ಬರ್ತದೆ. ದೇವರನ್ನ ಮನೆಯಲ್ಲಿ ಇಟ್ಟುಕೊಂಡವರ ತಂಟೆಗೆ ನಾನು ಹೋಗಲ್ಲ. ಸರ್ಕಾರಿ ಗೋಡೆ ಮನೆ ಗೋಡೆ ಅಲ್ಲ.

ಈಗ 2024ರ ಫೆಬ್ರುವರಿ ನೆನಪು ಮಾಡ್ಕೊಳ್ರಿ. ಸಮಾಜ ಕಲ್ಯಾಣ ಇಲಾಖೆಯ ಕೆಲವು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಬಾಗಿಲಲ್ಲಿ, ಇದು ಜ್ಞಾನದ ಗುಡಿ, ಕೈಮುಗಿದು ಬರಬೇಕು ಅನ್ನೋ ಅರ್ಥದ ಬರಹ ಇತ್ತು. ಅದರಲ್ಲಿ ಕೈಮುಗಿಯೋ ಮಾತು ತೆಗೆದು ಧೈರ್ಯವಾಗಿ ಪ್ರಶ್ನೆ ಮಾಡು ಅಂತ ಬರೆಸಿದ್ರು. ಎಷ್ಟು ಗದ್ದಲ! ವಿಧಾನಸಭೆ ತನಕ ಹೋಯ್ತು. ಕುವೆಂಪುಗೆ ಅವಮಾನ ಅಂದ್ರು, ಸಂಸ್ಕೃತಿ ನಾಶ ಅಂದ್ರು, ಮಕ್ಕಳು ಗುರುಗಳಿಗೆ ಎದುರು ಮಾತಾಡ್ತಾರೆ ಅಂದ್ರು.

ಅದಕ್ಕೆ ಎರಡೇ ತಿಂಗಳ ಹಿಂದೆ, 2023ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿ ಸ್ವಚ್ಛ ಮಾಡೋಕೆ ಇಳಿಸಿದ್ದು ಹೊರಗೆ ಬಂದಿತ್ತು. ದಲಿತ ಮಕ್ಕಳು. ಅದೇ ಇಲಾಖೆ, ಅದೇ ಹೆಸರಿನ ಶಾಲೆ. ಬರಹ ಬದಲಾದಾಗ ಬೀದಿಗೆ ಬಂದವರಲ್ಲಿ ಎಷ್ಟು ಜನ ಆ ಗುಂಡಿಗಾಗಿ ಬೀದಿಗೆ ಬಂದಿದ್ರು? ಎದೆ ಮುಟ್ಟಿಕೊಂಡು ಹೇಳ್ಲಿ.

ಇನ್ನು ಕುವೆಂಪು ವಿಚಾರ. ಪುರೋಹಿತಶಾಹಿ ವಿರುದ್ಧ ಜೀವಮಾನ ಪೂರ್ತಿ ಬರೆದ ಮನುಷ್ಯನನ್ನ ಇವರು ಗುಡಿ ಕಾಯೋ ಕೆಲಸಕ್ಕೆ ಹಚ್ಚಿದ್ದಾರೆ. ಅವರ 'ಜಲಗಾರ' ನಾಟಕ ಓದ್ರಿ. ಅದರಲ್ಲಿ ಶಿವ ದೇವಸ್ಥಾನದ ಜನರಿಗೆ ಸಿಗೋದಿಲ್ಲ. ಬೀದಿ ಗುಡಿಸುವವನ ಹತ್ತಿರ ತಾನೂ ಗುಡಿಸುವವನಾಗಿ ಬರ್ತಾನೆ. ಅವಮಾನ ಆಗೋದಿದ್ರೆ ಆ ನಾಟಕವನ್ನ ಮರೆತಿದ್ದಕ್ಕೆ ಆಗಿರಬೇಕು.

ಶಾಲೆಗೆ ಗುಡಿ ಅಂತ ಹೆಸರಿಡೋದು ಕೆಲವರಿಗೆ ಗೌರವ ಅನ್ನಿಸ್ತದೆ. ಗುಡಿಯೊಳಗೆ ಅವರು ಯಾವತ್ತೂ ಹೋಗಿಬಂದವರು. ನಮ್ಮ ಅಪ್ಪ, ಅಜ್ಜ ಹೊರಗಿನಿಂದಲೇ ಕೈಮುಗಿದು ಬಂದವರು. ಕೈಮುಗಿದಿದ್ದಕ್ಕೆ ಯಾವ ಬಾಗಿಲೂ ತೆರೆಯಲಿಲ್ಲ. 1856ರಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ನನ್ನನ್ನೂ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಬಾಂಬೆ ಸರ್ಕಾರ ಸೇರಿಸಿಕೊಳ್ಳಲಿಲ್ಲ. ಒಬ್ಬನಿಗಾಗಿ ಮೇಲ್ಜಾತಿಯವರು ಶಾಲೆ ಬಿಟ್ಟುಹೋದ್ರೆ ಹೆಂಗೆ ಅನ್ನೋದು ಅವರ ಲೆಕ್ಕ. ಬಾಬಾಸಾಹೇಬರೂ ಈ ಪ್ರಕರಣದ ಬಗ್ಗೆ ಬರೆದಿದ್ದಾರೆ. ಆ ಹುಡುಗ ಮಾಡಿದ್ದು ಪೂಜೆ ಅಲ್ಲ, ಪ್ರಶ್ನೆ. ನಮ್ಮ ಮಕ್ಕಳು ಇವತ್ತು ಶಾಲೆಯಲ್ಲಿ ಕೂತಿರೋದು ಅಂಥ ಪ್ರಶ್ನೆಗಳ ಬಲದಿಂದ.

ಹಂಗಂತ ಒಂದು ಪಕ್ಷವನ್ನ ಬೈದು ಕೈತೊಳೆದುಕೊಳ್ಳೋಕೆ ನಾನು ಇದನ್ನ ಬರೀತಿಲ್ಲ. 2022ರ ನವೆಂಬರ್ 14ರಂದು ನಮ್ಮ ಕಲಬುರಗಿ ಜಿಲ್ಲೆಯ ಮಾದಿಯಾಳದಲ್ಲೇ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿ 'ವಿವೇಕ' ಯೋಜನೆಯ 7,601 ಶಾಲಾ ಕೊಠಡಿಗಳಿಗೆ ಚಾಲನೆ ಕೊಟ್ರು. ಕೊಠಡಿ ಬೇಕಾಗಿತ್ತು, ಸಂತೋಷ. ಆದ್ರೆ ರಾಜ್ಯದಲ್ಲಿ ಚರ್ಚೆ ಆಗಿದ್ದು ಕೊಠಡಿ ಬಗ್ಗೆ ಅಲ್ಲ, ಅದಕ್ಕೆ ಕೇಸರಿ ಬಣ್ಣ ಹೊಡೀತೀವಿ ಅನ್ನೋದರ ಬಗ್ಗೆ. ಆಮೇಲೆ ಸರ್ಕಾರ ಬದಲಾಯ್ತು. 2025ರ ಅಕ್ಟೋಬರ್‌ನಲ್ಲಿ ನಮ್ಮ ಚಿತ್ತಾಪುರದ ಶಾಸಕರೂ ಸಚಿವರೂ ಆದ ಪ್ರಿಯಾಂಕ್ ಖರ್ಗೆ, ಸರ್ಕಾರಿ ಶಾಲೆ, ಮೈದಾನಗಳಲ್ಲಿ ಆರೆಸ್ಸೆಸ್ ಚಟುವಟಿಕೆ ನಿಲ್ಲಿಸಿ ಅಂತ ಮುಖ್ಯಮಂತ್ರಿಗೆ ಪತ್ರ ಬರೆದ್ರು. ಆ ಧೈರ್ಯಕ್ಕೆ ಶಹಬ್ಬಾಸ್. ಸರ್ಕಾರ ಆದೇಶ ಮಾಡ್ತು, ಹೈಕೋರ್ಟಿನ ಧಾರವಾಡ ಪೀಠ ಮಧ್ಯಂತರ ತಡೆ ಕೊಡ್ತು. ಪಥಸಂಚಲನದ ವ್ಯಾಜ್ಯವೂ ಕೋರ್ಟಿಗೆ ಹೋಗಿ ನವೆಂಬರ್ 16ಕ್ಕೆ ಚಿತ್ತಾಪುರದಲ್ಲಿ ಪಥಸಂಚಲನ ನಡೀತು. ಇಡೀ ರಾಜ್ಯದ ಕ್ಯಾಮೆರಾ ನಮ್ಮ ತಾಲೂಕಿಗೆ ಬಂತು.

ಕ್ಯಾಮೆರಾ ರಸ್ತೆಯಲ್ಲಿ ನಿಂತಿತ್ತು. ಶಾಲೆಯೊಳಗೆ ಹೋಗಲಿಲ್ಲ. ಹೋಗಿದ್ರೆ ಶುಕ್ರವಾರದ ಪೂಜೆ ಕಾಣ್ತಿತ್ತು. ಅದಕ್ಕೆ ಸಂಘದ ಶಾಖೆ ಬೇಕಾಗಿಲ್ಲ. ಕಾಂಗ್ರೆಸ್‌ಗೆ ಓಟು ಹಾಕೋ ಮಾಸ್ತರೂ ಮಾಡಿಸ್ತಾರೆ, ಹಿಂದಿನಿಂದ ನಡಕೊಂಡು ಬಂದದ ಅಂತಾರೆ. ಮೆರವಣಿಗೆ ತಡೆಯೋದು ಸುಲಭ, ರೂಢಿ ತಡೆಯೋದು ಕಷ್ಟ. ಶಾಲೆ ಆವರಣ ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ ಅಂತ 2013ರಲ್ಲಿ, ಶೆಟ್ಟರ್ ಮುಖ್ಯಮಂತ್ರಿ ಆಗಿದ್ದಾಗಲೇ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಎರಡೂ ಪಕ್ಷಗಳು ಅದನ್ನ ಬೇಕಾದಾಗ ನೆನಪಿಸಿಕೊಳ್ತಾವೆ.

ಕಾನೂನು ಏನು ಹೇಳ್ತದೆ? ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಅಂತ ಸಂವಿಧಾನದ 28(1)ನೇ ವಿಧಿ ಹೇಳ್ತದೆ. ಧರ್ಮಗಳ ಬಗ್ಗೆ ಪಾಠ ಮಾಡೋದಕ್ಕೆ ಅಡ್ಡಿ ಇಲ್ಲ, 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹಂಗೆ ಹೇಳಿದೆ. ನಾನೂ ಒಪ್ತೀನಿ. ಬುದ್ಧ, ಬಸವಣ್ಣ, ಪೈಗಂಬರ್, ಯೇಸು, ರಾಮಾಯಣ, ಎಲ್ಲಾ ಕಲಿಸ್ರಿ. ಪಾಠ ಆದ್ರೆ ಮಗು ಕೈ ಎತ್ತಿ ಪ್ರಶ್ನೆ ಕೇಳಬಹುದು. ಗೋಡೆ ಮೇಲೆ ಹೂವಿನ ಹಾರ ಹಾಕಿದ ದೇವರಿಗೆ ಯಾವ ಮಗು ಪ್ರಶ್ನೆ ಕೇಳ್ತದೆ?

"ದಾನಿಗಳು ಕೊಟ್ಟಿದ್ದು, ಸರ್ಕಾರದ್ದಲ್ಲ" ಅಂತಾರೆ. ಅಮೆರಿಕದ ಕೆಂಟಕಿ ರಾಜ್ಯವೂ ಇದನ್ನೇ ಹೇಳಿತ್ತು. ಬೈಬಲ್ಲಿನ ದಶಾಜ್ಞೆಗಳನ್ನ ಎಲ್ಲಾ ಸರ್ಕಾರಿ ಶಾಲೆಗಳ ತರಗತಿಗಳಲ್ಲಿ ತೂಗುಹಾಕಬೇಕು, ಖರ್ಚು ದೇಣಿಗೆಯಿಂದ ಅಂತ ಕಾನೂನು ಮಾಡಿತ್ತು. ದುಡ್ಡು ಯಾರದ್ದಾದ್ರೂ ಗೋಡೆ ಸರ್ಕಾರದ್ದು ಅಂತ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನ ಹೊಡೆದುಹಾಕ್ತು. 2024ರಲ್ಲಿ ಲೂಯಿಸಿಯಾನ ಮತ್ತೆ ಅಂಥದ್ದೇ ಕಾನೂನು ಮಾಡಿ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದೆ. ಬಹುಸಂಖ್ಯಾತರಿಗೆ ಸರ್ಕಾರಿ ಗೋಡೆ ನಮ್ಮಪ್ಪಂದು ಅನ್ನಿಸೋ ರೋಗ ಎಲ್ಲಾ ಕಡೆ ಒಂದೇ. ಹಿಂದೂ ವಿರೋಧ ಅಂತ ನನಗೆ ಹಣೆಪಟ್ಟಿ ಕಟ್ಟೋರು ಇದನ್ನ ನೆನಪಿಡ್ಲಿ.

ಇನ್ನೊಂದು ಮಾತು ತಪ್ಪದೆ ಬರ್ತದೆ. "2022ರಾಗ ಹಿಜಾಬ್ ಹಾಕ್ಕೋಳ್ಳಿ ಅಂದವರು ನೀವೇ, ಈಗ ಸರಸ್ವತಿ ಬ್ಯಾಡ ಅನ್ನೋರೂ ನೀವೇ." ಹೌದ್ರಿ, ಎರಡೂ ನಾವೇ. ಹುಡುಗಿಯ ತಲೆ ಅವಳದ್ದು, ಶಾಲೆಯ ಗೋಡೆ ಎಲ್ಲರದ್ದು. ಅವತ್ತು ಸಮಾನತೆ ಹೆಸರಲ್ಲಿ ಹುಡುಗಿಯರನ್ನ ಗೇಟಿನ ಹೊರಗೆ ನಿಲ್ಲಿಸಿದವರು, ಆ ಸಮಾನತೆಯನ್ನ ಗೋಡೆಗೆ ಯಾಕೆ ಅನ್ವಯಿಸಲಿಲ್ಲ?

ಕೊನೆಗೆ ಅವರ ಬ್ರಹ್ಮಾಸ್ತ್ರ: "ಹಂಗಾದ್ರ ಅಂಬೇಡ್ಕರ್ ಫೋಟೋನೂ ತೆಗೀರಿ." ರಾಯಚೂರು ನೆನಪಿದೆ ಅಲ್ವಾ? 2022ರ ಗಣರಾಜ್ಯೋತ್ಸವದ ದಿನ ಕೋರ್ಟ್ ಆವರಣದಲ್ಲಿ ಬಾಬಾಸಾಹೇಬರ ಫೋಟೋ ತೆಗೆಸಿದ ಆರೋಪ, ಆಮೇಲೆ ಬೆಂಗಳೂರಲ್ಲಿ ಸೇರಿದ ನೀಲಿ ಸಾಗರ. ಬಾಬಾಸಾಹೇಬರು ದೇವರಲ್ಲ. ಆ ಗೋಡೆ ಎಲ್ಲರದ್ದು ಅಂತ ಬರೆದ ದಾಖಲೆಯ ಕರಡು ಸಮಿತಿಯ ಅಧ್ಯಕ್ಷರು. ಅವರ ಫೋಟೋ ಮುಂದೆ ನಿಲ್ಲೋಕೆ ಮಡಿ ಬೇಕಿಲ್ಲ, ಯಾವ ಮಗುವಿನ ಕಾಯಿಯೂ ಕಿಟಕಿಗೆ ಹೋಗಲ್ಲ.

ಆದ್ರೆ ಇಲ್ಲಿ ನಮ್ಮವರಿಗೂ ಒಂದು ಮಾತು, ಸಿಟ್ಟಾಗಬೇಡ್ರಿ. ಬಾಬಾಸಾಹೇಬರು ನಮ್ಮ ವಾಡಿಗೆ ಬಂದಿದ್ರು ಅಂತ ನಮ್ಮ ಹಿರಿಯರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಅದೇ ಊರಲ್ಲಿ ಜಯಂತಿ ದಿನ ಶಾಲೆಯಲ್ಲಿ ಅವರ ಫೋಟೋಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ ಮನುಷ್ಯನಿಗೆ ನಾವೇ ಆರತಿ ಎತ್ತಿದ್ರೆ, ಆ ಎಸ್‌ಡಿಎಂಸಿ ಮೀಟಿಂಗಿನಲ್ಲಿ ನಮ್ಮ ಹುಡುಗ ಏನಂತ ಉತ್ತರ ಕೊಡಬೇಕು? ಬುದ್ಧವಂದನೆಯನ್ನ ಸರ್ಕಾರಿ ಶಾಲೆಯ ಪ್ರಾರ್ಥನೆಗೆ ಸೇರಿಸಿ ಅನ್ನೋರಿಗೂ ನನ್ನದು ಇದೇ ಮಾತು. ವಿಹಾರದಲ್ಲಿ ಮಾಡೋಣ, ಮನೆಯಲ್ಲಿ ಮಾಡೋಣ. ಶಾಲೆಯಲ್ಲಿ ಬೇಡ.

ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲೇ ಇದಕ್ಕೆ ಸಾಕ್ಷಿ ಇದೆ. 1986ರಲ್ಲಿ ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯ್ತು. ಅದರಲ್ಲಿ ಹನ್ನೆರಡನೇ ಶಿಲಾಶಾಸನವೂ ಇದೆ. ನಿನ್ನ ಪಂಥವನ್ನ ಹೊಗಳಿ ಇನ್ನೊಬ್ಬರದ್ದನ್ನ ತೆಗಳಿದ್ರೆ ನಿನ್ನ ಪಂಥಕ್ಕೇ ಕೇಡು ಅನ್ನೋದು ಅದರ ತಿರುಳು. ಎಲ್ಲರನ್ನೂ ಗೌರವಿಸು ಅಂತ ಬರೆದ ಕಲ್ಲು, ಎಷ್ಟೋ ಕಾಲ ಒಂದು ಮೂರ್ತಿಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಇತ್ತು. ಆ ಶಾಲೆಯ ಗೋಡೆ ಮೇಲಿನ ಪೀಠಿಕೆಗೂ ಈಗ ಅದೇ ಗತಿ ಆಗಿದೆ.

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ಫಲಿತಾಂಶ ಶೇ 42.43. ನೂರರಲ್ಲಿ ಐವತ್ತೇಳು ಮಕ್ಕಳು ಫೇಲ್. ಸಿಮೆಂಟ್ ಫ್ಯಾಕ್ಟರಿ ಗೇಟಿನ ಮುಂದೆ ಗುತ್ತಿಗೆ ಕೂಲಿಗೆ ನಿಲ್ಲೋರು ಈ ಮಕ್ಕಳೇ. ಕರಿಹಲಗೆ ಮೇಲೆ ಯಾವ ದೇವರಿದ್ದಾಳೆ ಅನ್ನೋದಕ್ಕಿಂತ, ಕರಿಹಲಗೆ ಮುಂದೆ ಗಣಿತದ ಮಾಸ್ತರು ಇದ್ದಾರಾ ಅಂತ ದಾನಿಗಳು ಕೇಳಲಿ.

ಈಗ ಏನು ಮಾಡಬೇಕು? ಯಾರೂ ಏಣಿ ಹಾಕಿ ಚಿತ್ರ ಅಳಿಸೋಕೆ ಹೋಗಬೇಡ್ರಿ. ಅದು ಅವರಿಗೆ ಬೇಕಾದ ಆಟ, ಮರುದಿನ ಕೇಸು ನಮ್ಮ ಹುಡುಗರ ಮೇಲೆ. ನಿಮ್ಮೂರಿನ ಎಸ್‌ಡಿಎಂಸಿ ಸಭೆಗೆ ಹೋಗ್ರಿ. ಗೋಡೆ ಮೇಲೆ ಏನು ಬರೆಸಬೇಕು ಅಂತ ಯಾವಾಗ ಠರಾವು ಆಯ್ತು, ಪುಸ್ತಕ ತೋರಿಸ್ರಿ ಅಂತ ಕೇಳ್ರಿ. ಬಿಇಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಉತ್ತರ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಶಾಲೆಗಳಲ್ಲಿ ಪೀಠಿಕೆ ಓದಿಸಬೇಕು ಅಂತ 2023ರಲ್ಲಿ ಇದೇ ಸರ್ಕಾರ ತೀರ್ಮಾನ ಮಾಡಿದೆ, ಹಾಗಾದ್ರೆ ಪೀಠಿಕೆ ಮೇಲೆ ಬಣ್ಣ ಬಳಿದವರು ಯಾರ ಅನುಮತಿ ತಗೊಂಡ್ರು ಅಂತ ಕೇಳ್ರಿ.

ನಮ್ಮ ಹುಡುಗ ಮುಂದಿನ ಸಭೆಗೆ ಅರ್ಜಿ ಬರೆದಿಟ್ಟಿದ್ದಾನೆ. ಅವನ ಜೊತೆ ನಾನೂ ಹೋಗ್ತೀನಿ. ಸರಸ್ವತಿಯನ್ನ ಬೈಯಲ್ಲ, ಯಾರನ್ನೂ ಬೈಯಲ್ಲ. ಪೀಠಿಕೆಯನ್ನ ಮತ್ತೆ ಬರೆಸ್ರಿ, ಮಗ್ಗಿ ಬರೆಸ್ರಿ, ಕರ್ನಾಟಕದ ನಕ್ಷೆ ಬರೆಸ್ರಿ, ಮಕ್ಕಳಿಂದಲೇ ಬರೆಸ್ರಿ ಅಂತ ಕೇಳ್ತೀವಿ. ಬಣ್ಣದ ಖರ್ಚು ಬೇಕಾದ್ರೆ ನಾವೇ ಓಣಿಯಲ್ಲಿ ಪಟ್ಟಿ ಹಾಕಿ ಕೊಡ್ತೀವಿ.

ನನ್ನ ಕಾಯಿ ಕಿಟಕಿಯಲ್ಲೇ ಉಳೀತು. ಈಗ ಅದೇ ವಯಸ್ಸಿನ ಒಂದು ಮಗು ಆ ಶಾಲೆಯಲ್ಲಿ ಕೂತಿದೆ. ಅದಕ್ಕೆ ಯಾರೂ "ಅಲ್ಲಿ ಇಡು" ಅನ್ನಬಾರದು.

ಜೈಭೀಮ್. ಜೈ ಸಂವಿಧಾನ.