ಹಾರ್ಲೆಮ್‌ನ ಗಡಿಯಾರದ ಮನೆ ಕಲಿಸುವ ಕ್ಷಮೆಯ ಪಾಠ

ಆಮ್ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಸಾಗಿದರೆ ಹಾರ್ಲೆಮ್ ನಗರ. ಅಲ್ಲಿನ ಬಾರ್ಟೆಲ್‌ಯೋರಿಸ್ ಬೀದಿಯ 19ನೇ ಸಂಖ್ಯೆಯ ಮನೆ ಇಂದು ಪುಟ್ಟ ವಸ್ತುಸಂಗ್ರಹಾಲಯವಾಗಿದೆ. ನೆದರ್‌ಲ್ಯಾಂಡ್ಸ್‌ಗೆ ಬರುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಟುಲಿಪ್ ತೋಟಕ್ಕೂ ಗಾಳಿಯಂತ್ರಗಳಿಗೂ ಇರುವ ಸ್ಥಾನ ಈ ಮನೆಗಿಲ್ಲ. ಆದರೆ ನೊಂದ ಮನಸ್ಸು ಮರಳಿ ಚೇತರಿಸಿಕೊಳ್ಳುವುದು ಹೇಗೆ ಎಂದು ಯೋಚಿಸುವವರು ಒಮ್ಮೆಯಾದರೂ ಇದನ್ನು ನೋಡಬೇಕು. ದೈವವಿಶ್ವಾಸದಿಂದ ವಾಸಿಯಾಗುವುದೆಂದರೆ ನೋವು ಒಮ್ಮೆಲೇ ಅಳಿಸಿಹೋಗುವುದು ಎಂಬ ಸುಲಭದ ತಿಳಿವಳಿಕೆಯನ್ನು ಈ ಮನೆಯ ಕಥೆ ತಿದ್ದುತ್ತದೆ.

ಟೆನ್ ಬೂಮ್ ಕುಟುಂಬ ಇಲ್ಲಿ ತಲೆಮಾರುಗಳಿಂದ ಗಡಿಯಾರದ ಕಸುಬು ನಡೆಸುತ್ತಿತ್ತು. 1844ರಲ್ಲಿಯೇ ಅಜ್ಜ ವಿಲೆಮ್ ಯೆಹೂದ್ಯರಿಗಾಗಿ ಪ್ರಾರ್ಥನಾ ಕೂಟವೊಂದನ್ನು ಈ ಮನೆಯಲ್ಲಿ ಆರಂಭಿಸಿದ್ದರು. ಸರಿಯಾಗಿ ನೂರು ವರ್ಷಗಳ ನಂತರ ಆ ಪ್ರಾರ್ಥನೆಗೆ ಮನೆಮಂದಿ ಬೆಲೆ ತೆರಬೇಕಾಯಿತು. ವಿಲೆಮ್‌ರ ಮೊಮ್ಮಗಳು ಕೋರಿ ತಮ್ಮ ಮಲಗುವ ಕೋಣೆಯಲ್ಲಿ ಸುಳ್ಳುಗೋಡೆಯೊಂದನ್ನು ಕಟ್ಟಿಸಿ, ಅದರ ಹಿಂದೆ ಯೆಹೂದ್ಯರನ್ನು ನಾಜಿಗಳಿಂದ ಬಚ್ಚಿಡುತ್ತಿದ್ದರು. 1944ರ ಫೆಬ್ರುವರಿ 28ರಂದು, ಮಾಹಿತಿದಾರನೊಬ್ಬನ ದ್ರೋಹದಿಂದಾಗಿ ಮನೆಯ ಮೇಲೆ ದಾಳಿ ನಡೆಯಿತು. ಗೋಡೆಯ ಹಿಂದಿದ್ದ ಆರು ಮಂದಿ ಪತ್ತೆಯಾಗಲಿಲ್ಲ, ಮನೆಯವರೆಲ್ಲ ಸೆರೆಯಾದರು. 84 ವರ್ಷದ ತಂದೆ ಕ್ಯಾಸ್ಪರ್ ಹತ್ತೇ ದಿನಗಳಲ್ಲಿ ಬಂಧನದಲ್ಲಿಯೇ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ಡಿಸೆಂಬರ್‌ನಲ್ಲಿ ಜರ್ಮನಿಯ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಅಸುನೀಗಿದರು. ಕೆಲವೇ ದಿನಗಳಲ್ಲಿ ಕೋರಿ ಬಿಡುಗಡೆಯಾದರು. ಕಚೇರಿಯ ಕಾಗದಪತ್ರದಲ್ಲಾದ ತಪ್ಪೊಂದು ತಮ್ಮನ್ನು ಉಳಿಸಿತೆಂದು ಅವರು ಮುಂದೆ ಬರೆದರು.

ಶಿಬಿರದಲ್ಲಿ ಅಕ್ಕತಂಗಿಯರು ಗುಟ್ಟಾಗಿ ಒಯ್ದಿದ್ದ ಸತ್ಯವೇದವನ್ನು ಇತರ ಕೈದಿಗಳೊಂದಿಗೆ ಓದುತ್ತಿದ್ದರು. ಮಲಗುವ ಜಾಗದ ತುಂಬ ಚಿಗಟಗಳು. ಅವುಗಳಿಗಾಗಿಯೂ ದೇವರಿಗೆ ಕೃತಜ್ಞತೆ ಸಲ್ಲಿಸೋಣವೆಂದು ಬೆಟ್ಸಿ ಹೇಳಿದಾಗ ಕೋರಿಗೆ ಅದು ಅತಿಯೆನಿಸಿತ್ತು. ಕಾವಲುಗಾರರು ಒಳಗೆ ಕಾಲಿಡದಿರಲು ಆ ಚಿಗಟಗಳೇ ಕಾರಣವೆಂಬುದು ಆಮೇಲೆ ತಿಳಿಯಿತು. ಸಾಯುವ ಮುನ್ನ ಬೆಟ್ಸಿ ಒಂದು ಕನಸನ್ನು ತಂಗಿಗೆ ಒಪ್ಪಿಸಿದ್ದರು: ಯುದ್ಧ ಮುಗಿದ ಮೇಲೆ, ಶಿಬಿರಗಳಿಂದ ಬದುಕಿ ಬಂದವರಿಗೆ ಹೂದೋಟವಿರುವ ಒಂದು ದೊಡ್ಡ ಮನೆ.

ಅಂಥ ಮನೆ ಹಾರ್ಲೆಮ್‌ನ ಪಕ್ಕದ ಬ್ಲೂಮೆಂಡಾಲ್‌ನಲ್ಲಿ 1945ರಲ್ಲಿ ಆರಂಭವಾಯಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ಬದುಕಿ ಬಂದವರಿಗೆ ಅಲ್ಲಿ ದೊರೆತದ್ದು ಬರಿಯ ಉಪದೇಶವಲ್ಲ. ಹಾಸಿಗೆ, ಊಟ, ತೋಟದ ಕೆಲಸ, ತಮಗೆ ಬೇಕಾದಾಗ ಮಾತನಾಡುವ ಸ್ವಾತಂತ್ರ್ಯ. ಶತ್ರುಗಳೊಂದಿಗೆ ಕೈಜೋಡಿಸಿ ಕೆಲಸ ಕಳೆದುಕೊಂಡಿದ್ದ ಡಚ್ಚರಿಗೂ ಕೋರಿ ಆಶ್ರಯ ಕಲ್ಪಿಸಿದರು. ಕ್ಷಮಿಸಲು ಶಕ್ತರಾದವರು ಬದುಕನ್ನು ಮತ್ತೆ ಕಟ್ಟಿಕೊಂಡರು, ಕಹಿಯನ್ನೇ ಪೋಷಿಸಿದವರು ಕುಗ್ಗಿಹೋದರು ಎಂಬುದು ಅಲ್ಲಿ ಅವರು ಕಂಡುಕೊಂಡ ಸತ್ಯ.

ಆದರೆ ಕ್ಷಮೆ ಅವರಿಗೂ ಸಲೀಸಾಗಿರಲಿಲ್ಲ. 1947ರಲ್ಲಿ ಮ್ಯೂನಿಕ್‌ನ ಚರ್ಚೊಂದರಲ್ಲಿ ಅವರು ಕ್ಷಮೆಯ ಕುರಿತೇ ಮಾತನಾಡಿ ಮುಗಿಸಿದಾಗ ಒಬ್ಬ ವ್ಯಕ್ತಿ ಬಂದು ಕೈ ಚಾಚಿದ. ಅವನು ರಾವೆನ್ಸ್‌ಬ್ರುಕ್‌ನ ಮಾಜಿ ಕಾವಲುಗಾರ. ಕೋರಿಯ ಕೈ ಮೇಲೇಳಲಿಲ್ಲ. ಕ್ಷಮಿಸುವ ಬಲ ತನ್ನಲ್ಲಿಲ್ಲ, ನೀನೇ ಕೊಡು ಎಂದು ಮನದಲ್ಲಿ ಯೇಸುವನ್ನು ಬೇಡಿದ ಮೇಲೆ ಅವರು ಆ ಕೈ ಹಿಡಿದರು. ಆ ಒಂದು ಗಳಿಗೆಯಿಂದ ಎಲ್ಲವೂ ಮುಗಿಯಲಿಲ್ಲ, ಕ್ಷಮೆಗಾಗಿ ಮತ್ತೆ ಮತ್ತೆ ದೇವರ ಬಳಿ ಹೋಗಬೇಕಾಯಿತು ಎಂದೂ ಅವರು ಬರೆದಿದ್ದಾರೆ. ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವಿದು. ಇದನ್ನು ಬಿಟ್ಟರೆ, ಪ್ರಾರ್ಥಿಸಿಯೂ ನೋವು ತೀರದವರು ತಮ್ಮ ವಿಶ್ವಾಸವೇ ಕಡಿಮೆಯಾಯಿತೆಂದು ಇನ್ನಷ್ಟು ಕೊರಗುತ್ತಾರೆ.

ಇನ್ನೊಂದು ಎಚ್ಚರವೂ ಬೇಕು. ಕೋರಿ ಕ್ಷಮಿಸಿದ್ದು ತಮಗಾದ ಅನ್ಯಾಯವನ್ನು ಮಾತ್ರ. ನೆದರ್‌ಲ್ಯಾಂಡ್ಸ್‌ನಿಂದ ಒಯ್ದು ಕೊಲ್ಲಲಾದ ಒಂದು ಲಕ್ಷಕ್ಕೂ ಹೆಚ್ಚು ಯೆಹೂದ್ಯರ ಪರವಾಗಿ ಕ್ಷಮಿಸುವ ಅಧಿಕಾರ ಯಾರಿಗೂ ಇಲ್ಲ. ಅಷ್ಟೇ ಅಲ್ಲ, ಆ ಹಸ್ತಲಾಘವ ನಡೆದದ್ದು ಕಾವಲುಗಾರನ ಕೈಯಲ್ಲಿ ಅಧಿಕಾರ ಉಳಿಯದಿದ್ದಾಗ. ಕ್ಷಮೆ ನೊಂದವರ ಹಕ್ಕು. ಅದನ್ನು ಅವರಿಂದ ವಸೂಲು ಮಾಡುವುದು ಮತ್ತೊಂದು ಹಿಂಸೆ.

ಪರದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ಈ ಮಾತು ಮುಖ್ಯ. ಗಂಡನ ಕೆಲಸದ ವೀಸಾದ ಆಸರೆಯಲ್ಲಿ ಬಂದ ಹೆಣ್ಣುಮಗಳೊಬ್ಬಳು ಮನೆಯೊಳಗೆ ಪೆಟ್ಟು ತಿನ್ನುತ್ತಿದ್ದರೆ, ಊರಿನಿಂದ ವಿಡಿಯೊ ಕರೆಯಲ್ಲಿ ಸಿಗುವ ಮೊದಲ ಬುದ್ಧಿಮಾತು ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬುದೇ. ‘ಕ್ಷಮಿಸು, ಪ್ರಾರ್ಥಿಸು’ ಎನ್ನುವ ಸಭೆಯ ಹಿರಿಯರೂ ಒಳ್ಳೆಯ ಮನಸ್ಸಿನಿಂದಲೇ ಹಾಗೆನ್ನಬಹುದು. ಆದರೆ ಪೆಟ್ಟು ನಿಲ್ಲದೆ ಗಾಯ ಮಾಯುವುದಿಲ್ಲ. ಮೊದಲು ಬೇಕಾದದ್ದು ಸುರಕ್ಷಿತ ಮನೆ. ಈ ದೇಶದಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ನೆರವಾಗುವ ವ್ಯವಸ್ಥೆಯ ಹೆಸರೇ ಅದು: ‘ವೇಲಿಖ್ ಟೌಸ್’, ಅಂದರೆ ಸುರಕ್ಷಿತ ಮನೆ. 0800-2000 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮನಸ್ಸು ಕುಸಿದವರು ಮೊದಲು ಕಾಣಬೇಕಾದದ್ದು ತಮ್ಮ ಕುಟುಂಬ ವೈದ್ಯರನ್ನು. ಮನೋತಜ್ಞರ ಬಳಿಗೆ ದಾರಿ ಅಲ್ಲಿಂದಲೇ. ವೈದ್ಯರಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಡಚ್ ಭಾಷೆಯಲ್ಲಿ ವಾಸಿಯಾಗುವುದಕ್ಕೆ ‘ಹೇಲನ್’ ಎನ್ನುತ್ತಾರೆ. ‘ಹೇಲ್’ ಎಂದರೆ ಇಡಿಯಾದದ್ದು. ಕೋರಿಗೆ ಅಕ್ಕನೂ ತಂದೆಯೂ ಮರಳಿ ಸಿಗಲಿಲ್ಲ. ಆದರೂ 1983ರಲ್ಲಿ, ತಮ್ಮ 91ನೇ ಹುಟ್ಟುಹಬ್ಬದಂದೇ ತೀರಿಕೊಳ್ಳುವ ಹೊತ್ತಿಗೆ, ಒಡೆದ ಬದುಕಿನ ಚೂರುಗಳಿಂದಲೇ ಅವರು ಇಡಿಯಾದದ್ದೊಂದನ್ನು ಕಟ್ಟಿ ಮುಗಿಸಿದ್ದರು. ಅದಕ್ಕೆ ಪ್ರಾರ್ಥನೆ ಬುನಾದಿಯಾಗಿತ್ತು, ತೆರೆದ ಮನೆಯೊಂದು ಗೋಡೆಯಾಗಿತ್ತು. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಿಶ್ವಾಸಿಗಳು ಎಷ್ಟೇ ಮಂದಿಯಿರಲಿ, ನೊಂದವರಿಗೆ ಬಾಗಿಲು ತೆರೆಯುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು.